ರೊಕೇಯಾ ಬೇಗಮರ ಗುರುಋಣ

ಗ್ರಂಥಾರಂಭದಲ್ಲಿ ಗುರುವನ್ನು ಸ್ಮರಿಸುವುದು ಭರತಖಂಡದ ಕವಿಗಳಲ್ಲಿ ಬಹು ಹಳೆಯ ಸಂಪ್ರದಾಯವು. ಪಂಪನಂತಹ ಮಹಾಕವಿಯು ಕೂಡ ತನ್ನ ಗುರುಗಳಾದ ದೇವೇಂದ್ರಮುನಿಗಳನ್ನು ನೆನೆಯದೆ ಬಿಡಲಿಲ್ಲ. ಆದರೆ ಸಂಪ್ರದಾಯವು ಬಲಿತಂತೆಲ್ಲ ಅದರೊಳಗಣ ಜೀವವು ಕುಂದುವುದೂ ಲೋಕದಲ್ಲಿ ಕಾಣುವ ಮಾತೇ. ಕವಿಯು ವಾಡಿಕೆಗೋಸ್ಕರ ಗುರುಸ್ತುತಿಯನ್ನು ಬರೆಯುವನು. ವಾಚಕನು ವಾಡಿಕೆಗೋಸ್ಕರವೇ ಅದನ್ನು ದಾಟಿ ಮುಂದೆ ಹೋಗುವನು. ಅಚ್ಚಿನ ಪುಸ್ತಕಗಳಲ್ಲಿ ಗುರುಸ್ತುತಿಯ ಸ್ಥಾನಕ್ಕೆ ಬಂದ ಅರ್ಪಣಪತ್ರಿಕೆಯ ಗತಿಯೂ ಇದಕ್ಕಿಂತ ಉತ್ತಮವಾಗಿಲ್ಲ. ಉಪಕಾರಸ್ಮರಣೆಯ ಮಾತು ಯಾವಾಗ ಸಾಹಿತ್ಯವಾಗುತ್ತದೆ, ಯಾವಾಗ ಬರಿಯ ಮರ್ಯಾದೆಯ ಮಾತಾಗಿ ಉಳಿಯುತ್ತದೆ ಎಂಬುದು ವಿಚಾರಕ್ಕೆ ಯೋಗ್ಯವಾದ ಪ್ರಶ್ನೆ. ಇದಕ್ಕೆ ಸಮಾಧಾನವನ್ನು ಬಯಸುವ ಸಹೃದಯರು ವಂಗದೇಶದ ವಿದುಷಿ ರೊಕೇಯಾ ಸಖಾವತ್ ಹುಸೇನ್ ಬೇಗಮರು ಬರೆದಿರುವ ಎರಡು ಅರ್ಪಣಪತ್ರಿಕೆಗಳನ್ನು ಪರಿಶೀಲಿಸುವುದು ಒಳ್ಳೆಯದು. ಒಂದು 1922ರಲ್ಲಿ ಪ್ರಕಟವಾದ 'ಮೋತಿಚೂರ್' ಎಂಬ ಪ್ರಬಂಧಸಂಗ್ರಹದ ಎರಡನೆಯ ಭಾಗದಲ್ಲಿದೆ. ಮತ್ತೊಂದು 1924ರಲ್ಲಿ ಹೊರಬಂದ 'ಪದ್ಮರಾಗ'ವೆಂಬ ಕಾದಂಬರಿಯಲ್ಲಿದೆ. ಮೊದಲನೆಯದು ಅಕ್ಕನಿಗೆ, ಎರಡನೆಯದು ಅಣ್ಣನಿಗೆ ಅರ್ಪಿತವಾದುದು.

ಬೇಗಮರ ಜೀವನವೃತ್ತಾಂತವನ್ನು ಇಲ್ಲಿ ಸಂಗ್ರಹವಾಗಿ ಹೇಳಿದರೆ ಸಾಕು. ಆಕೆ 1880ರಲ್ಲಿ, ಇಂದು ಬಾಂಗ್ಲಾದೇಶಕ್ಕೆ ಸೇರಿರುವ ರಂಗಪುರ ಪ್ರಾಂತದ ಪಾಯರಾಬಂದವೆಂಬ ಗ್ರಾಮದಲ್ಲಿ ಜಮೀನುದಾರರ ಮನೆತನದಲ್ಲಿ ಹುಟ್ಟಿದರು. ತಂದೆಯವರು ಹಲವು ಭಾಷೆಗಳನ್ನು ಬಲ್ಲವರು. ಗಂಡುಮಕ್ಕಳನ್ನು ಕಲ್ಕತ್ತೆಯ ಸೇಂಟ್ ಝೇವಿಯರ್ ಕಾಲೇಜಿಗೆ ಕಳುಹಿಸಿ ಓದಿಸಿದರು. ಹೆಣ್ಣುಮಕ್ಕಳಿಗಾದರೋ ಕುರಾನಿನ ಪಾರಾಯಣ, ತುಸು ಉರ್ದು, ಇಷ್ಟೇ ವಿಹಿತವಾಗಿದ್ದಿತು. ಊರಿನ ಭಾಷೆಯಾದ ಬಂಗಾಳಿಯೇ ಅವರಿಗೆ ನಿಷಿದ್ಧ. ಐದು ವರ್ಷ ತುಂಬಿದ ಬಾಲಿಕೆಯು ಅಪರಿಚಿತರಾದ ಹೆಂಗಸರ ಕಣ್ಣಿಗೂ ಬೀಳದೆ ಅವಿತುಕೊಳ್ಳಬೇಕಾಗಿದ್ದ ಆ ಕಟ್ಟುನಿಟ್ಟನ್ನು ಬೇಗಮರು ತಮ್ಮ ಕೊನೆಯ ದಿನಗಳಲ್ಲಿ 'ಅವರೋಧವಾಸಿನಿ'ಯಲ್ಲಿ ವರ್ಣಿಸಿದ್ದಾರೆ. 1931ರಲ್ಲಿ ಪ್ರಕಟವಾದ ಆ ಪುಸ್ತಕದ 47 ಪ್ರಸಂಗಗಳನ್ನು ಓದಿ ನಕ್ಕವರು ಮರುಗಳಿಗೆಯಲ್ಲಿ ನಕ್ಕುದಕ್ಕೆ ನಾಚದೆ ಇರಲಾರರು. ಇಂತಹ ಮನೆಯಲ್ಲಿ ಬೆಳೆದ ಬಾಲಿಕೆಯು ಎರಡು ಭಾಷೆಗಳಲ್ಲಿ ಗ್ರಂಥಕರ್ತ್ರಿಯಾಗಿ, ಒಂದು ಪಾಠಶಾಲೆಯ ಸ್ಥಾಪಕಿಯಾಗಿ ಬೆಳೆದುದು ಹೇಗೆಂಬುದಕ್ಕೆ ಆ ಎರಡು ಅರ್ಪಣಪತ್ರಿಕೆಗಳೇ ಸಾಕ್ಷಿ.

ಅಕ್ಕ ಕರೀಮುನ್ನಿಸಾ ಖಾನಮರು ರೊಕೇಯಾಗಿಂತ ಸುಮಾರು ಇಪ್ಪತ್ತೈದು ವರ್ಷ ಹಿರಿಯರು. ತಮ್ಮಂದಿರು ಪಾಠವನ್ನು ಒಪ್ಪಿಸುವಾಗ ಕಿವಿಗೊಟ್ಟು ಕೇಳುತ್ತ, ಹಿತ್ತಿಲ ನೆಲದ ಮೇಲೆ ಕಡ್ಡಿಯಿಂದ ಅಕ್ಷರಗಳನ್ನು ಗೀಚುತ್ತ ಓದು ಕಲಿತವರು. ಒಂದು ದಿನ ಬಂಗಾಳಿಯ ಪುಸ್ತಕವನ್ನು ಓದುತ್ತಿರುವಾಗ ತಂದೆಯ ಕಣ್ಣಿಗೆ ಬಿದ್ದರು. ತಂದೆಯು ಕೋಪಿಸಿಕೊಳ್ಳಲಿಲ್ಲ; ಆದರೆ ನೆಂಟರಿಷ್ಟರ ಬಾಯಿಗೆ ಬೀಗ ಹಾಕುವುದು ಅವರಿಂದಾಗಲಿಲ್ಲ. ಓದು ನಿಂತಿತು, ಬಾಲಿಕೆಯನ್ನು ದೂರದ ಬಂಧುಗಳ ಮನೆಗೆ ಕಳುಹಿಸಿ, ಬೇಗನೆ ವಿವಾಹವನ್ನೂ ಮಾಡಿಬಿಟ್ಟರು. ಚಿಕ್ಕ ಪ್ರಾಯದಲ್ಲಿಯೇ ವೈಧವ್ಯವು ಒದಗಿತು. ಇಷ್ಟಾದರೂ ಆಕೆ ತನ್ನ ಇಬ್ಬರು ಗಂಡುಮಕ್ಕಳಿಗೆ ಒಳ್ಳೆಯ ವಿದ್ಯೆಯನ್ನು ಕೊಡಿಸಿದುದಲ್ಲದೆ ತಂಗಿಗೆ ಬಂಗಾಳಿಯ ಅಕ್ಷರಾಭ್ಯಾಸವನ್ನೂ ಮಾಡಿಸಿದರು. 1926ರಲ್ಲಿ ಅಕ್ಕನು ತೀರಿಕೊಂಡ ಮೇಲೆ ಆಕೆಯನ್ನು ಕುರಿತು ಬರೆದ ಪ್ರಬಂಧಕ್ಕೆ ಬೇಗಮರು ಅಡಗಿದ ರತ್ನವೆಂಬ ಅರ್ಥದ ಹೆಸರನ್ನಿಟ್ಟಿರುವುದು ಯಥಾರ್ಥವಾಗಿದೆ.

'ಮೋತಿಚೂರಿ'ನ ಅರ್ಪಣಪತ್ರಿಕೆಯ ತಾತ್ಪರ್ಯವೇನೆಂದರೆ: ಬಾಲ್ಯದಲ್ಲಿ ಅಕ್ಷರವು ಲಭಿಸಿದುದು ಅಕ್ಕನ ವಾತ್ಸಲ್ಯದಿಂದ, ಮಿಕ್ಕ ಬಂಧುಗಳು ಬಂಗಾಳಿಯ ಓದನ್ನು ವಿರೋಧಿಸುತ್ತಿದ್ದಾಗ ಅಕ್ಕನೊಬ್ಬಳೇ ಬೆಂಬಲವಾಗಿದ್ದಳು, ಮದುವೆಯಾದ ಮೇಲೆ ಬಂಗಾಳಿಯ ಮಾತೇ ಕಿವಿಗೆ ಬೀಳದ ಭಾಗಲಪುರದಲ್ಲಿ 14 ವರ್ಷ, ಅಲ್ಲಿಂದ ಮುಂದೆ ಕಲ್ಕತ್ತೆಯಲ್ಲಿ ಉರ್ದು ಪಾಠಶಾಲೆಯನ್ನು ನಡೆಸುತ್ತ 11 ವರ್ಷ ಕಳೆದರೂ ತಾಯ್ನುಡಿಯು ಮರೆತುಹೋಗದಿರುವುದು ಅಕ್ಕನ ಆಶೀರ್ವಾದದ ಫಲ. ಇಲ್ಲಿ ಅಲಂಕಾರವೆಂಬುದು ಇಲ್ಲವೇ ಇಲ್ಲ. ಉಪಕಾರವು ಇಂತಹುದು, ಅದರಿಂದಾದ ಪ್ರಯೋಜನವು ಇಷ್ಟು ಕಾಲ ನಿಂತಿತು ಎಂದು ಲೆಕ್ಕ ಒಪ್ಪಿಸುವಂತೆ ಬರೆದಿದ್ದಾರೆ. ಕೃತಜ್ಞತೆಯ ಬರಹಕ್ಕೆ ಇದು ಮೊದಲನೆಯ ಲಕ್ಷಣವೆನ್ನಬಹುದು. 'ಅಪಾರ ಉಪಕಾರ', 'ತೀರಿಸಲಾಗದ ಋಣ' ಎಂದು ಸಾರಿಬಿಡುವವನು ಪಡೆದುದೇನೆಂಬುದನ್ನು ಹೇಳುವ ಹೊರೆಯಿಂದ ತಪ್ಪಿಸಿಕೊಳ್ಳುತ್ತಾನೆ. ಇಂತಹುದನ್ನು ಪಡೆದೆನೆಂದು ಹೆಸರಿಟ್ಟು ಹೇಳುವವನೇ ನಿಜವಾಗಿ ಋಣವನ್ನು ಒಪ್ಪಿಕೊಂಡವನು.

ಎರಡನೆಯ ಅರ್ಪಣಪತ್ರಿಕೆಯ ಧಾಟಿಯೇ ಬೇರೆ. ಅಣ್ಣ ಇಬ್ರಾಹೀಂ ಸಾಬೇರರು ಕಲ್ಕತ್ತೆಯಲ್ಲಿ ಓದಿ ಬಂದವರು. ಇಂಗ್ಲಿಷ್ ಭಾಷೆಯೊಂದು ಕೈವಶವಾದರೆ ಜಗತ್ತಿನ ವಿದ್ಯಾಭಂಡಾರದ ಬಾಗಿಲೇ ತೆರೆಯುವುದೆಂದು ತಂಗಿಗೆ ಆಸೆಯನ್ನು ಹುಟ್ಟಿಸಿದವರು ಅವರು. ಮನೆಮಂದಿಯೆಲ್ಲ ಮಲಗಿದ ಮೇಲೆ ಮೇಣದ ಬತ್ತಿಯ ಬೆಳಕಿನಲ್ಲಿ ಅಣ್ಣನು ಪಾಠ ಹೇಳುವುದು, ತಂಗಿಯು ಕಲಿಯುವುದು, ಹೀಗೆ ಆ ಗುರುಕುಲವು ನಡೆಯಿತು. 'ಪದ್ಮರಾಗ'ವನ್ನು ಅರ್ಪಿಸುತ್ತ ಬೇಗಮರು ಈ ಅಣ್ಣನೇ ತಮ್ಮನ್ನು ಕೈಯಾರೆ ರೂಪಿಸಿದವನೆಂದೂ, ತಂದೆ, ತಾಯಿ, ಗುರು, ಶಿಕ್ಷಕ ಎಂಬವರು ಹೇಗಿರುವರೋ ತಾವು ಅರಿಯರು, ಅರಿತುದು ಅಣ್ಣನೊಬ್ಬನನ್ನೇ ಎಂದೂ ಭಾವ ತೋರುವಂತೆ ಬರೆದಿದ್ದಾರೆ.

ಇಲ್ಲಿ ಎರಡು ಆಕ್ಷೇಪಗಳು ಏಳುವುವು. ಎರಡು ವರ್ಷಗಳ ಹಿಂದೆ ಅಕ್ಕನನ್ನು ಅಕ್ಷರಗುರುವೆಂದು ಕೊಂಡಾಡಿದವರು ಈಗ ಅಣ್ಣನ ಹೊರತು ಅನ್ಯಗುರುವನ್ನು ಅರಿಯೆನೆಂದರೆ ಪೂರ್ವೋತ್ತರವಿರೋಧವಾಗಲಿಲ್ಲವೆ? ತಂದೆತಾಯಿಗಳ ಆಶ್ರಯದಲ್ಲಿ ಬೆಳೆದವರು ತಂದೆತಾಯಿಗಳನ್ನೇ ಅರಿಯೆನೆನ್ನುವುದು ಅತಿಶಯೋಕ್ತಿಯಲ್ಲವೆ? ಮೊದಲನೆಯದಕ್ಕೆ ಸಮಾಧಾನವು ಸುಲಭ. ಅಕ್ಕನಿಂದ ಬಂದುದು ಬಂಗಾಳಿ, ಅಣ್ಣನಿಂದ ಬಂದುದು ಇಂಗ್ಲಿಷು. ಮನೆಯ ಮಾತಿನಲ್ಲಿ ಬರೆಯುವ ಶಕ್ತಿಗೆ ಒಬ್ಬರು, ಮನೆಯ ಗೋಡೆಯಾಚೆಗೆ ನೋಡುವ ಶಕ್ತಿಗೆ ಮತ್ತೊಬ್ಬರು ಮೂಲವಾದರು. ಆದುದರಿಂದ ಈ ಎರಡು ಪತ್ರಿಕೆಗಳನ್ನು ಜೊತೆಯಾಗಿ ಇಟ್ಟುಕೊಂಡೇ ಓದಬೇಕು. ಒಂದನ್ನು ಮಾತ್ರ ಓದಿದವನಿಗೆ ಅರ್ಧ ಚರಿತ್ರೆ ಮಾತ್ರ ದೊರೆಯುವುದು.

ಎರಡನೆಯ ಆಕ್ಷೇಪಕ್ಕೆ ಉತ್ತರವು ಅಲಂಕಾರಶಾಸ್ತ್ರದಲ್ಲಿದೆ. ವ್ಯಾಜಸ್ತುತಿಯೆಂದರೆ ನಿಂದೆಯ ನೆವದಿಂದ ಸ್ತುತಿ, ಇಲ್ಲವೆ ಸ್ತುತಿಯ ನೆವದಿಂದ ನಿಂದೆಯೆಂಬುದು ಎಲ್ಲರೂ ತಿಳಿದ ಮಾತು. ಒಬ್ಬರ ಸ್ತುತಿಯಿಂದ ಮತ್ತೊಬ್ಬರ ನಿಂದೆಯು ತೋರುವ ಪ್ರಕಾರವನ್ನೂ ಕುವಲಯಾನಂದವು ಅದರಲ್ಲಿಯೇ ಸೇರಿಸುತ್ತದೆ. ಬೇಗಮರ ವಾಕ್ಯವು ಈ ಪ್ರಕಾರದ್ದು. ಅಣ್ಣನ ಸ್ತುತಿಯಲ್ಲಿ ಕಪಟವಿಲ್ಲ; ಅದು ಅಕ್ಷರಶಃ ಸತ್ಯ. ಆದರೆ ಅದರ ಹಿಂದೆಯೇ ಧ್ವನಿಯೊಂದು ಕೇಳಿಸುತ್ತದೆ: ಹಲವು ಭಾಷೆಗಳನ್ನು ಬಲ್ಲ ತಂದೆಯಿದ್ದೂ ಮಗಳಿಗೆ ಗುರುವಿಲ್ಲದಂತಾಯಿತು, ಗಂಡುಮಕ್ಕಳಿಗೆ ಹಗಲಿನಲ್ಲಿ ರಾಜಬೀದಿಯಿಂದ ಬಂದ ವಿದ್ಯೆಯು ಹೆಣ್ಣುಮಗಳಿಗೆ ನಡುರಾತ್ರಿಯಲ್ಲಿ ಕಳ್ಳತನದಿಂದ ಬರಬೇಕಾಯಿತು. ಮೇಣದ ಬತ್ತಿಯನ್ನು ಹಿಡಿದ ಕೈಯನ್ನು ಹೊಗಳಿದಂತೆಲ್ಲ ಸುತ್ತಣ ಕತ್ತಲೆಯು ಇನ್ನಷ್ಟು ಸ್ಪಷ್ಟವಾಗಿ ಕಾಣುತ್ತದೆ. ಈ ಅರ್ಪಣಪತ್ರಿಕೆಯು ಮರ್ಯಾದೆಯ ಮಾತಾಗದೆ ಸಾಹಿತ್ಯವಾಗಿರುವುದು ಇದರಿಂದಲೇ. ಉಪಕಾರವನ್ನು ನೆನೆಯುವುದರ ಜೊತೆಗೆ ಆ ಉಪಕಾರವು ಅಷ್ಟು ದುರ್ಲಭವಾಗಿದ್ದುದೇಕೆಂದು ಕೇಳುವುದು ಕೃತಜ್ಞತೆಗೆ ಕುಂದಲ್ಲ. ಅದು ಕೃತಜ್ಞತೆಯ ಪರಿಪಾಕ.

ಪುರುಷರ ಆಳ್ವಿಕೆಯನ್ನು ಅಷ್ಟು ತೀಕ್ಷ್ಣವಾಗಿ ಖಂಡಿಸಿದ ಲೇಖಕಿಯು ಅಣ್ಣನಿಗೂ ಗಂಡನಿಗೂ ಋಣಿಯೆಂದು ಹೇಳಿಕೊಳ್ಳುವುದು ಅಸಂಗತವೆಂದು ವಾದಿಸುವವರೂ ಉಂಟು. ಪತಿ ಸೈಯದ್ ಸಖಾವತ್ ಹುಸೇನರು ಭಾಗಲಪುರದಲ್ಲಿ ಡೆಪ್ಯುಟಿ ಮ್ಯಾಜಿಸ್ಟ್ರೇಟರಾಗಿದ್ದವರು, ಉರ್ದು ಮಾತನಾಡುವವರು, ಪತ್ನಿಗಿಂತ ವಯಸ್ಸಿನಲ್ಲಿ ಬಹಳ ಹಿರಿಯರು. ಅವರು ಪತ್ನಿಯ ಬರವಣಿಗೆಗೆ ಅಡ್ಡಬರಲಿಲ್ಲ; ಪ್ರೋತ್ಸಾಹವನ್ನೇ ಕೊಟ್ಟರು. ಅವರು ಸಂಚಾರಕ್ಕೆ ಹೋಗಿದ್ದಾಗ ಬೇಗಮರು ಹೊತ್ತು ಕಳೆಯಲೆಂದು ಇಂಗ್ಲಿಷಿನಲ್ಲಿ 'ಸುಲ್ತಾನಾಳ ಕನಸು' ಎಂಬ ಕಥೆಯನ್ನು ಬರೆದರು. ಗಂಡಸರು ಅಂತಃಪುರದೊಳಗೆ ಕುಳಿತು ಹೆಂಗಸರು ರಾಜ್ಯವಾಳುವ ಆ ಕಥೆಯನ್ನು ಮನೆಗೆ ಬಂದ ಪತಿಯು ನಿಂತ ನಿಲುವಿನಲ್ಲಿಯೇ ಓದಿ ಮುಗಿಸಿ, ಇದು ಗಂಡಸರ ಮೇಲೆ ತೀರಿಸಿಕೊಂಡ ಭಯಂಕರವಾದ ಸೇಡೆಂದು ಮೆಚ್ಚಿ ನುಡಿದರಂತೆ. ಕಥೆಯು 1905ರಲ್ಲಿ ಮದರಾಸಿನಿಂದ ಹೊರಡುತ್ತಿದ್ದ 'ಇಂಡಿಯನ್ ಲೇಡೀಸ್ ಮ್ಯಾಗಜೀನ್' ಪತ್ರಿಕೆಯಲ್ಲಿ ಪ್ರಕಟವಾಯಿತು. 1909ರಲ್ಲಿ ತೀರಿಕೊಂಡ ಅವರು ಬಾಲಿಕೆಯರ ಪಾಠಶಾಲೆಗಾಗಿ 10,000 ರೂಪಾಯಿಗಳನ್ನು ಬಿಟ್ಟುಹೋಗಿದ್ದರು. ತನ್ನ ಜಾತಿಯವರ ಮೇಲಿನ ಪರಿಹಾಸವನ್ನು ಓದಿ ಸಂತೋಷಪಡಬಲ್ಲ ಓದುಗನು ಮನೆಯಲ್ಲಿಯೇ ದೊರೆತುದು ಆ ಲೇಖಕಿಯ ಭಾಗ್ಯ. ಬೇಗಮರು ಖಂಡಿಸಿದುದು ಒಂದು ಕಟ್ಟಳೆಯನ್ನು; ವಂದಿಸಿದುದು ಆ ಕಟ್ಟಳೆಯನ್ನು ಮೀರಿ ನಡೆದ ಕೆಲವರನ್ನು. ಇವೆರಡರಲ್ಲಿ ವಿರೋಧವಿಲ್ಲ. ಕಟ್ಟಳೆಯನ್ನು ಮೀರಲು ಸಾಧ್ಯವೆಂಬುದಕ್ಕೆ ಸ್ವಂತ ಮನೆಯಲ್ಲಿ ದೃಷ್ಟಾಂತಗಳನ್ನು ಕಂಡವರಾದುದರಿಂದಲೇ ಮೀರದವರನ್ನು ಆಕ್ಷೇಪಿಸುವ ಅಧಿಕಾರವು ಅವರಿಗಿದ್ದಿತು.

ಈ ಗುರುಋಣವು ಅರ್ಪಣಪತ್ರಿಕೆಗಳಲ್ಲಿಯೇ ನಿಂತುಹೋಗದೆ ಕೃತಿಗಳ ಒಡಲನ್ನೂ ಹೊಕ್ಕಿದೆ. 'ಸುಲ್ತಾನಾಳ ಕನಸಿ'ನಲ್ಲಿ ನಾಯಿಕೆಯನ್ನು ಹೊಸ ನಾಡಿನೊಳಗೆ ಕೈಹಿಡಿದು ನಡೆಸುವ ಸಾರಾಳನ್ನು ಸೋದರಿಯೆಂದೇ ಕರೆಯಲಾಗಿದೆ; ಶತ್ರುಸೈನ್ಯದಿಂದ ರಾಜ್ಯವನ್ನು ಉಳಿಸುವವಳು ಸೇನಾಪತಿಯಲ್ಲ, ವಿದ್ಯಾರ್ಥಿನಿಯರೊಡನೆ ಹೊರಟು ಸೂರ್ಯನ ಶಾಖವನ್ನು ಹಗೆಗಳ ಮೇಲೆ ತಿರುಗಿಸುವ ವಿದ್ಯಾಪೀಠದ ಮುಖ್ಯಾಧ್ಯಾಪಿಕೆ. 'ಪದ್ಮರಾಗ'ದ ನಾಯಿಕೆ ಸಿದ್ದಿಕಾಳ ವೃತ್ತಾಂತದಲ್ಲಿ ಅಣ್ಣನ ಪಾತ್ರವೇ ಮೂಲ. ವರನ ಕಡೆಯವರ ಆಸ್ತಿಯಾಸೆಯಿಂದ ಸಂಬಂಧವು ಮುರಿದಾಗ, ತಂಗಿಯನ್ನು ಸ್ವಂತ ಬಲದಿಂದ ಬಾಳುವಂತೆ ಸಿದ್ಧಪಡಿಸುವವನು ಅವನು. ಕಡೆಯಲ್ಲಿ ಗಂಡನ ಮನೆಯು ತಾನಾಗಿ ಕರೆದರೂ, ಸ್ತ್ರೀಯ ಬಾಳಿಗೆ ಸಂಸಾರವೊಂದೇ ಗುರಿಯಲ್ಲವೆಂದು ತೋರಿಸಲು ಆಕೆ ಒಪ್ಪದೆ ನಿಲ್ಲುವಳು. ಅನಾಥೆಯರಿಗೂ ಪರಿತ್ಯಕ್ತೆಯರಿಗೂ ಆಶ್ರಯವಾದ ತಾರಿಣೀಭವನವನ್ನು ನಡೆಸುವವಳು ಬ್ರಾಹ್ಮಸಮಾಜದ ವಿಧವೆ. ಅಲ್ಲಿ ಕಲಿಸುವವರೂ ದುಡಿಯುವವರೂ ಹಿಂದೂ, ಮುಸಲ್ಮಾನ, ಕ್ರಿಸ್ತ ಮತಗಳಿಗೆ ಸೇರಿದ ಸ್ತ್ರೀಯರು. ಕಥಾಸಂವಿಧಾನದಲ್ಲಿ ದೋಷಗಳು ಇಲ್ಲದೆ ಇಲ್ಲ. ಆಕಸ್ಮಿಕವಾದ ಭೇಟಿಗಳು ಅಗತ್ಯಕ್ಕಿಂತ ಹೆಚ್ಚು; ಪಾತ್ರಗಳು ಕೆಲವೆಡೆ ಮಾತನಾಡುವುದನ್ನು ಬಿಟ್ಟು ಉಪನ್ಯಾಸಕ್ಕೆ ನಿಲ್ಲುತ್ತವೆ. ಪ್ರಬಂಧಗಳಲ್ಲಿ ಕಾಣುವ ಬಿಗುವು ಇಲ್ಲಿ ಸಡಿಲವಾಗಿದೆ. ಆದರೂ ತಾರಿಣೀಭವನದ ನಿತ್ಯದ ಕೆಲಸಕಾರ್ಯಗಳ ವರ್ಣನೆಯು, ಪಾಠಶಾಲೆಯ ಕಷ್ಟಸುಖವನ್ನು ಬಲ್ಲವರ ಕೈಯಿಂದ ಮಾತ್ರ ಬರತಕ್ಕುದು.

ಆ ಕಾದಂಬರಿಯ ನಿವೇದನೆಯಲ್ಲಿ ಬೇಗಮರು ಹೇಳಿರುವ ಕಥೆಯೊಂದು ಪ್ರಕೃತಕ್ಕೆ ಬಹಳ ಉಚಿತವಾಗಿದೆ. ಧರ್ಮಜಿಜ್ಞಾಸುವೊಬ್ಬನು ಯೋಗವನ್ನು ಕಲಿಯಬೇಕೆಂದು ದರವೇಶನ ಬಳಿಗೆ ಹೋಗಲು, ಅವನು ತನ್ನ ಗುರುವಿನ ಬಳಿಗೆ ಕರೆದೊಯ್ದನು. ಆ ಗುರುವು ಹಿಂದೂ ಸಾಧು. ಸಾಧುವು ತನ್ನ ಗುರುವಿನ ಬಳಿಗೆ ಕರೆದೊಯ್ಯಲು, ಆತನು ಮತ್ತೆ ಮುಸಲ್ಮಾನ ದರವೇಶ! ಬೆರಗಾದ ಶಿಷ್ಯನಿಗೆ ದೊರೆತ ಉತ್ತರವಿದು: ಧರ್ಮವೆಂಬುದು ಮೂರು ಅಂತಸ್ತಿನ ಮನೆಯಂತೆ, ಕೆಳಗಣ ಅಂತಸ್ತಿನಲ್ಲಿ ಒಳಪಂಗಡಗಳ ಕೋಣೆಗಳು ನೂರಾರು, ನಡುವಣ ಅಂತಸ್ತಿನಲ್ಲಿ ಮತಕ್ಕೊಂದೇ ಕೋಣೆ, ಮೇಲಣ ಅಂತಸ್ತಿನಲ್ಲಿ ಕೋಣೆಗಳೇ ಇಲ್ಲ, ಮನುಷ್ಯರೆಲ್ಲ ಒಂದು, ಆರಾಧ್ಯನೊಬ್ಬನೇ. ಗುರುಪರಂಪರೆಯೆಂಬುದು ರಕ್ತದ ವಂಶಾವಳಿಯಂತೆ ಒಂದೇ ಮನೆತನದಲ್ಲಿ ಇಳಿದುಬರುವುದಲ್ಲವೆಂಬ ತತ್ತ್ವವನ್ನು ಇದಕ್ಕಿಂತ ಸರಳವಾಗಿ ಹೇಳುವುದು ಕಷ್ಟ.

ಇಲ್ಲಿ ಈ ಅರ್ಪಣಪತ್ರಿಕೆಗಳ ನ್ಯೂನತೆಯೊಂದನ್ನೂ ಹೇಳಬೇಕು. ಶಿಷ್ಯನಿಗೆ ವಿದ್ಯೆಯ ಒಂದು ಪಾದವು ಆಚಾರ್ಯನಿಂದ, ಒಂದು ಪಾದವು ಸ್ವಬುದ್ಧಿಯಿಂದ, ಒಂದು ಪಾದವು ಸಹಪಾಠಿಗಳಿಂದ, ಉಳಿದುದು ಕಾಲಕ್ರಮದಿಂದ ಬರುವುದೆಂದು ಸುಭಾಷಿತಕಾರರ ಮತ. ಬೇಗಮರು ನಾಲ್ಕು ಪಾದಗಳನ್ನೂ ಆಚಾರ್ಯರ ಹೆಸರಿಗೇ ಬರೆದುಬಿಟ್ಟಿದ್ದಾರೆ. ಸಹಪಾಠಿಗಳು ಆಕೆಗೆ ಇರಲೇ ಇಲ್ಲ, ಕಾಲವು ಅನುಕೂಲವಾಗಿರಲಿಲ್ಲ. ಹಾಗಾದರೆ ಆ ಎರಡು ಪಾದಗಳ ಭಾರವೂ ಸ್ವಬುದ್ಧಿಯ ಮೇಲೆಯೇ ಬಿದ್ದಿತೆನ್ನಬೇಕು. ಈ ಪರಿಶ್ರಮದ ಕುರಿತು ಅರ್ಪಣಪತ್ರಿಕೆಗಳು ಮೌನವಾಗಿವೆ. ವಿನಯವು ಗುಣವೇ, ಆದರೆ ವಿನಯವನ್ನೇ ಚರಿತ್ರೆಯೆಂದು ತಿಳಿದ ವಾಚಕನು, ಒಳ್ಳೆಯ ಅಣ್ಣನೊಬ್ಬನಿದ್ದರೆ ಯಾವ ತಂಗಿಯಾದರೂ ರೊಕೇಯಾ ಆಗಬಹುದೆಂದು ಭ್ರಮಿಸಿಯಾನು. ಅಕ್ಷರವನ್ನು ಅಕ್ಕ ಕೊಟ್ಟಳು, ನಿಜ. ಇಪ್ಪತ್ತೈದು ವರ್ಷ ಅದನ್ನು ಬಾಡದಂತೆ ಕಾಪಾಡಿದವರು ತಂಗಿಯಲ್ಲವೆ? ವಿಮರ್ಶಕನು ಗ್ರಂಥಕರ್ತ್ರಿಯ ವಿನಯವನ್ನು ಗೌರವಿಸಬೇಕು. ಆದರೆ ಆಕೆಗೆ ಸಲ್ಲತಕ್ಕ ಭಾಗವನ್ನು ಆಕೆಗೇ ಒಪ್ಪಿಸಬೇಕು.

ಹುಟ್ಟುವಾಗಲೇ ಮನುಷ್ಯನು ಮೂರು ಋಣಗಳನ್ನು ಹೊತ್ತು ಬರುವನೆಂದೂ, ಅವುಗಳಲ್ಲಿ ಋಷಿಋಣವು ಅಧ್ಯಯನ ಅಧ್ಯಾಪನಗಳಿಂದ ತೀರುವುದೆಂದೂ ವೈದಿಕರು ಹೇಳುವರು. ವಿದ್ಯೆಯ ಸಾಲವನ್ನು ಕೊಟ್ಟವರಿಗೆ ಹಿಂದಿರುಗಿಸಲಾಗದು. ಮುಂದಿನವರಿಗೆ ಕೊಟ್ಟೇ ತೀರಿಸಬೇಕೆಂಬುದು ಇದರ ಸಾರ. ಬೇಗಮರ ಪಾಠಶಾಲೆಯು ಈ ಬಗೆಯ ಋಣವಿಮೋಚನೆ. ಪತಿವಿಯೋಗವಾದ ಅದೇ ವರ್ಷ, 1909ರ ಅಕ್ಟೋಬರ್ 1ರಂದು, ಭಾಗಲಪುರದಲ್ಲಿ ಐವರು ಬಾಲಿಕೆಯರೊಡನೆ ಅದು ಆರಂಭವಾಯಿತು. ಮನೆತನದ ಕಲಹದಿಂದ ಆ ಊರನ್ನು ಬಿಡಬೇಕಾಗಿ ಬರಲು, 1911ರ ಮಾರ್ಚ್ 16ರಂದು ಕಲ್ಕತ್ತೆಯ ವಾಲಿಯುಲ್ಲಾ ಲೇನಿನಲ್ಲಿ ಎಂಟು ಬಾಲಿಕೆಯರೊಡನೆ ಮತ್ತೆ ಆರಂಭವಾಯಿತು. ಪಾಠಶಾಲೆಯ ಒಳಗನ್ನೇ ಕಾಣದ ಬೇಗಮರಿಗೆ, ಒಬ್ಬ ಉಪಾಧ್ಯಾಯಿನಿಯು ಐವರಿಗೆ ಏಕಕಾಲದಲ್ಲಿ ಹೇಗೆ ಪಾಠ ಹೇಳಬಲ್ಲಳೆಂಬುದೇ ಮೊದಮೊದಲು ತಿಳಿಯದೆ ಹೋಯಿತೆಂದು ಅವರ ಜೀವನಚರಿತ್ರೆಯಲ್ಲಿ ಹೇಳಿದೆ. ಮೇಣದ ಬತ್ತಿಯ ಮುಂದೆ ಒಬ್ಬರಿಗೊಬ್ಬರು ಕುಳಿತು ಕಲಿತವರಿಗೆ ತರಗತಿಯೆಂಬುದೇ ಅದ್ಭುತವಾಗಿ ತೋರಿದುದರಲ್ಲಿ ಆಶ್ಚರ್ಯವೇನು? ಆಕೆ ಲಜ್ಜೆಪಡದೆ ನಗರದ ಬ್ರಾಹ್ಮ ಮತ್ತು ಹಿಂದೂ ಬಾಲಿಕಾಪಾಠಶಾಲೆಗಳಿಗೆ ಹೋಗಿ ಕುಳಿತು, ಪಾಠಕ್ರಮವನ್ನೂ ಆಡಳಿತದ ಕ್ರಮವನ್ನೂ ನೋಡಿ ಕಲಿತರು. ಮಕ್ಕಳಿಗಾಗಿ ಪರದೆ ಕಟ್ಟಿದ ಗಾಡಿಗಳನ್ನು ಏರ್ಪಡಿಸಿದರು. ಮನೆಮನೆಗೆ ಹೋಗಿ ತಂದೆತಾಯಿಗಳನ್ನು ಬೇಡಿಕೊಂಡರು. 1930ರ ಹೊತ್ತಿಗೆ ಅದು ಹೈಸ್ಕೂಲಾಗಿದ್ದಿತು. ಇಂದಿಗೂ ಅದು ಸಖಾವತ್ ಸ್ಮಾರಕ ಬಾಲಿಕಾ ಪಾಠಶಾಲೆಯೆಂದು ಆ ನಗರದಲ್ಲಿ ನಡೆಯುತ್ತಿದೆ. ಸಂಸ್ಥೆಗೆ ತಮ್ಮ ಹೆಸರನ್ನಿಡದೆ ಪತಿಯ ಹೆಸರನ್ನಿಟ್ಟುದನ್ನು ಅವರ ಮೂರನೆಯ ಅರ್ಪಣಪತ್ರಿಕೆಯೆಂದು ಎಣಿಸಬಹುದು.

ಬೇಗಮರು 1932ರ ಡಿಸೆಂಬರ್ 9ರಂದು ಕಾಲವಾದರು. ಋಣವು ಅಲ್ಲಿಗೆ ಮುಗಿಯದೆ ಶಿಷ್ಯಪರಂಪರೆಯಲ್ಲಿ ಮುಂದುವರಿಯಿತು. ಅವರ ಒಡನಾಟದಲ್ಲಿ ಬೆಳೆದ ಶಾಮ್ಸುನ್ನಾಹಾರ್ ಮಹಮೂದರು 1937ರಲ್ಲಿ ಅವರ ಜೀವನಚರಿತ್ರೆಯನ್ನು ಬರೆದರು. ಐವರು ಬಾಲಿಕೆಯರ ಮುಂದೆ ನಿಂತು ದಿಗಿಲುಗೊಂಡ ಗುರುವಿನ ಚಿತ್ರವು ಉಳಿದಿರುವುದು ಈ ಶಿಷ್ಯೆಯ ಲೇಖನಿಯಿಂದ. ಬೇಗಮರು 1916ರಲ್ಲಿ ಸ್ಥಾಪಿಸಿದ ಮುಸಲ್ಮಾನ ಸ್ತ್ರೀಯರ ಅಂಜುಮನಿನಲ್ಲಿ ದುಡಿದ ಕವಯಿತ್ರಿ ಸೂಫಿಯಾ ಕಮಾಲರು 1970ರಲ್ಲಿ ಹೊರಬಂದ ತಮ್ಮ 'ಮೃತ್ತಿಕಾರ್ ಘ್ರಾಣ' ಎಂಬ ಕವನಸಂಗ್ರಹವನ್ನು ಬೇಗಮರಿಗೆ ಅರ್ಪಿಸಿದರು. ಅಕ್ಕನಿಗೂ ಅಣ್ಣನಿಗೂ ಅರ್ಪಣೆ ಬರೆದವರು ಹೀಗೆ ತಾವೇ ಅರ್ಪಣೆಗೆ ಪಾತ್ರರಾದರು.

ಇದರಿಂದ ಸಿದ್ಧಿಸುವುದೇನೆಂದರೆ: ಪಡೆದುದನ್ನು ಹೆಸರಿಟ್ಟು ಹೇಳುವುದು, ಅದು ದುರ್ಲಭವಾಗಿದ್ದುದೇಕೆಂದು ಕೇಳುವುದು, ಮುಂದಿನವರಿಗೆ ಅದನ್ನು ಸುಲಭವಾಗಿಸುವುದು, ಈ ಮೂರೂ ಕೂಡಿದಾಗಲೇ ಗುರುಸ್ಮರಣೆಯು ಪೂರ್ಣವಾಗುವುದು. ಮೊದಲನೆಯದನ್ನು ಮಾಡುವವರು ಹಲವರು. ಎರಡನೆಯದಕ್ಕೆ ಧೈರ್ಯ ಬೇಕು. ಮೂರನೆಯದಕ್ಕೆ ಬಾಳೆಲ್ಲ ಬೇಕು. ಬೇಗಮರ ಕೃತಿಗಳನ್ನು ಕನ್ನಡಕ್ಕೆ ತರಲು ಕೈಹಾಕುವವರು 'ಸುಲ್ತಾನಾಳ ಕನಸಿ'ನ ಚಮತ್ಕಾರದಲ್ಲಿಯೇ ತೃಪ್ತರಾಗದೆ, 'ಮೋತಿಚೂರ್' ಮತ್ತು 'ಪದ್ಮರಾಗ'ಗಳನ್ನು ಅವುಗಳ ಅರ್ಪಣಪತ್ರಿಕೆ, ನಿವೇದನೆಗಳ ಸಹಿತವಾಗಿ ಅನುವಾದಿಸಬೇಕು. ಗ್ರಂಥದ ಹೊರಗಿನ ಪುಟಗಳೆಂದು ಅವುಗಳನ್ನು ಕೈಬಿಟ್ಟರೆ, ಆ ಗ್ರಂಥಗಳು ಹುಟ್ಟಿಬಂದ ಮನೆಯನ್ನೇ ಕೈಬಿಟ್ಟಂತಾಗುವುದು.